ಓಡಿಸುವವಳನ್ನು ಕೇಳಿದಿರಾ?

ಕಾರು ಕೊಳ್ಳುವಾಗ ನಮ್ಮ ಗಂಡಸರು ಕೇಳುವುದು ಎರಡೇ ಪ್ರಶ್ನೆ: ಮೈಲೇಜ್ ಎಷ್ಟು, ಪಿಕಪ್ ಹೇಗೆ? ಓಡಿಸಿ ನೋಡುವುದೂ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೇ. 2023ರಲ್ಲಿ ಉದ್ಘಾಟನೆಯಾದ ಆ ರಸ್ತೆ ಮಂಡ್ಯವನ್ನು ಬಳಸಿಕೊಂಡು, ಮದ್ದೂರನ್ನು ಮೇಲ್ಸೇತುವೆಯಲ್ಲಿ ದಾಟಿ ಹೋಗುತ್ತದೆ. ನಾವು ಹೆಂಗಸರು ದಿನವೂ ಓಡಿಸುವುದು ಸೇತುವೆಯ ಕೆಳಗೆ. ಇಲ್ಲವೇ ಮಳವಳ್ಳಿ ದಾರಿಯಲ್ಲಿ, ಕಬ್ಬಿನ ಟ್ರ್ಯಾಕ್ಟರಿನ ಹಿಂದೆ. ಅಲ್ಲಿ ಪಿಕಪ್ ಕಟ್ಟಿಕೊಂಡು ಏನು ಮಾಡೋಣ?

ಎಲ್ಲರೂ ಮೆಚ್ಚುವ ಡಿಜೈರನ್ನೇ ನೋಡಿ. 2012ರಲ್ಲಿ ಅದರ ಬಾಲ ಮೊಟಕು ಮಾಡಿ ಉದ್ದವನ್ನು 3995 ಮಿಲಿಮೀಟರಿಗೆ ಇಳಿಸಿದ್ದು ನಮ್ಮ ಬೀದಿಗಳು ಕಿರಿದೆಂದಲ್ಲ. 4 ಮೀಟರಿನೊಳಗಿನ ಕಾರಿಗೆ ತೆರಿಗೆ ಕಡಿಮೆಯೆಂದು. ಈಗಿನ ಕಾರಿನ ಹೊಟ್ಟೆಗೂ ನೆಲಕ್ಕೂ ಖಾಲಿಯಿದ್ದಾಗಲೇ 163 ಮಿಲಿಮೀಟರ್ ಅಂತರ, ಗೇಣಿಗೂ ಕಡಿಮೆ. ಐವರು ಕೂತು, ಡಿಕ್ಕಿಗೆ ಅಕ್ಕಿ ಮೂಟೆ ಹೇರಿದರೆ ಊರಿನ ಹಂಪ್‌ಗಳು ಸುಮ್ಮನೆ ಬಿಟ್ಟಾವೆಯೆ?

ಗಿಡ್ಡ ಹೆಂಗಸಿಗೆ ಮುಂದಿನ ರಸ್ತೆ ಸರಿಯಾಗಿ ಕಾಣಬೇಕು. ಆದರೆ ಸೀಟು ಎತ್ತರಿಸುವ ಸೌಕರ್ಯ ಎಷ್ಟೋ ಕಾರುಗಳ ಅಗ್ಗದ ಮಾದರಿಯಲ್ಲಿ ಇರುವುದೇ ಇಲ್ಲ. ರಸ್ತೆ ಕಾಣುವುದೂ ಶೋಕಿಯೆ?

ಹಾಗೆಂದು ಸೆಡಾನ್ ಬೇಡವೆನ್ನಲಾರೆ. ಬಾಣಂತನ ಮುಗಿಸಿ ಹೊರಟ ಮಗಳ ಸಾಮಾನೆಲ್ಲ ಆ ಡಿಕ್ಕಿಯಲ್ಲೇ ಹಿಡಿಯುತ್ತದೆ. 2024ರ ಡಿಜೈರ್ ಗ್ಲೋಬಲ್ ಎನ್‌ಕ್ಯಾಪ್‌ನ ಅಪಘಾತ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ 5 ನಕ್ಷತ್ರವನ್ನೂ ಪಡೆಯಿತು. ಒಳ್ಳೆಯದೇ.

ನನ್ನ ವಾದ ಇಷ್ಟೇ: ಓಡಿಸುವವಳೇ ಆರಿಸಲಿ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ನಿಮ್ಮ ಬೀದಿಯಲ್ಲೇ ಓಡಿಸಿ ನೋಡಿ. ನೀವು ಕೇಳಿದ ಪ್ರಶ್ನೆಗೆ ಅಂಗಡಿಯವನು ನಿಮ್ಮ ಯಜಮಾನರ ಮುಖ ನೋಡಿ ಉತ್ತರ ಕೊಟ್ಟರೆ, ಕೀಲಿಯನ್ನು ಮೇಜಿನ ಮೇಲಿಟ್ಟು ಎದ್ದು ಬನ್ನಿ.