ಅಡಗುದಾಣವನ್ನು ಅರಸುವವರಿಗೆ



ಅಮೆರಿಕದ ಅಂತರ್ಯುದ್ಧದ ಮೊದಲ ದೊಡ್ಡ ಕಾಳಗವು 1861ರ ಜುಲೈ ತಿಂಗಳಲ್ಲಿ ವರ್ಜೀನಿಯಾ ಪ್ರಾಂತದ ಮನಾಸಸ್ ಎಂಬಲ್ಲಿ ನಡೆಯಿತು. ವಿಲ್ಮರ್ ಮೆಕ್ಲೀನ್ ಎಂಬ ಗೃಹಸ್ಥನ ಮನೆಮಾರು ಆ ರಣರಂಗದ ಮಗ್ಗುಲಲ್ಲಿಯೇ ಇದ್ದಿತು. ದಕ್ಷಿಣದವರ ಸೇನಾಪತಿಯು ಅವನ ಮನೆಯಲ್ಲಿಯೇ ಬಿಡಾರ ಹೂಡಿದನು. ತೋಪಿನ ಗುಂಡೊಂದು ನೇರವಾಗಿ ಒಲೆಯ ಬಳಿಗೇ ಬಂದು ಬಿದ್ದಿತು. ಯುದ್ಧದ ಸಹವಾಸವೇ ಬೇಡವೆಂದು ಮೆಕ್ಲೀನನು ಕೆಲಕಾಲದಲ್ಲಿಯೇ ಮಡದಿ ಮಕ್ಕಳೊಡನೆ ನೂರೆಂಭತ್ತು ಕಿಲೋಮೀಟರಿಗೂ ದೂರದ ಅಪೊಮ್ಯಾಟಕ್ಸ್ ಎಂಬ ಚಿಕ್ಕ ಊರಿಗೆ ಹೋಗಿ ನೆಲೆಸಿದನು. 1865ರ ಏಪ್ರಿಲ್ 9ರಂದು ದಕ್ಷಿಣದ ಮಹಾದಂಡನಾಯಕ ಲೀ, ಉತ್ತರದ ಗ್ರಾಂಟನಿಗೆ ಶರಣಾದದ್ದು ಎಲ್ಲಿ ಬಲ್ಲಿರಾ? ಅದೇ ಮೆಕ್ಲೀನನ ಹೊಸ ಮನೆಯ ನಡುಮನೆಯಲ್ಲಿ! ಅಧಿಕಾರಿಗಳು ನೆನಪಿಗೆಂದು ಅವನ ಮೇಜು ಕುರ್ಚಿಗಳನ್ನು ಹೊತ್ತುಕೊಂಡು ಹೋದರು.

ಇದನ್ನು ನಗೆಯಾಡಲೆಂದು ಬರೆದುದಲ್ಲ. ಲೋಕವ್ಯವಸ್ಥೆಯು ಇಂದೋ ನಾಳೆಯೋ ಕುಸಿದು ಬೀಳುವುದೆಂದೂ, ಅಂದು ಬದುಕುಳಿಯಬೇಕಾದರೆ ಈಗಲೇ ತಕ್ಕ ಸ್ಥಳವನ್ನು ಕೊಂಡಿಡಬೇಕೆಂದೂ ನಂಬಿದವರ ಒಂದು ದೊಡ್ಡ ಬಳಗವೇ ಪಶ್ಚಿಮ ದೇಶಗಳಲ್ಲಿದೆ. ನಮ್ಮ ಓದುಗರಲ್ಲಿ ಅನೇಕರ ಮಕ್ಕಳು ಮೊಮ್ಮಕ್ಕಳು ಆ ದೇಶಗಳಲ್ಲಿ ನೆಲೆಸಿರುವುದರಿಂದ ಈ ಮಾತು ನಮ್ಮ ಹೊಸ್ತಿಲಿನ ಹೊರಗಿನದೆಂದು ಹೇಳುವಂತಿಲ್ಲ.

ಈ ಬಳಗಕ್ಕೆ ಅದರದೇ ಆದ ಶಾಸ್ತ್ರವಿದೆ. ಮಹಾನಗರದಿಂದ ಒಂದು ಟ್ಯಾಂಕು ಪೆಟ್ರೋಲಿನಷ್ಟಾದರೂ ದೂರವಿರಬೇಕು, ಹೆದ್ದಾರಿಯ ಮಗ್ಗುಲಲ್ಲಿರಬಾರದು, ಜನಸಂಖ್ಯೆ ವಿರಳವಾಗಿರಬೇಕು, ಬತ್ತದ ನೀರಿರಬೇಕು, ಅಣುಬಾಂಬಿನ ಧೂಳು ಬೀಸಿಬರುವ ದಿಕ್ಕಿನಲ್ಲಿರಬಾರದು. 1970ರ ದಶಕದಲ್ಲಿ ಮೆಲ್ ಟಪ್ಪನ್ ಎಂಬ ಲೇಖಕನು ಒರೆಗಾನ್ ಪ್ರಾಂತದ ರೋಗ್ ನದಿಯ ಸೀಮೆಯಲ್ಲಿ ನೆಲೆಸಿ ಈ ವಿಷಯವಾಗಿ ಬರೆಯುತ್ತಿದ್ದನು. 2011ರಲ್ಲಿ ಜೇಮ್ಸ್ ವೆಸ್ಲಿ ರಾಲ್ಸ್ ಎಂಬಾತನು ಐಡಾಹೊ, ಮೊಂಟಾನಾ, ವಯೋಮಿಂಗ್ ಪ್ರಾಂತಗಳನ್ನೂ, ಒರೆಗಾನ್ ಮತ್ತು ವಾಷಿಂಗ್ಟನ್ ಪ್ರಾಂತಗಳ ಪೂರ್ವಭಾಗವನ್ನೂ ಸೇರಿಸಿ ‘ಅಮೆರಿಕದ ಕೋಟೆ’ ಎಂದು ಸಾರಿದನು. ನಂಬಿ ಹೋದವರು ಬಹಳ. ಆದರೆ ಅಮೆರಿಕವು ನೆಲದೊಳಗೆ ಹುದುಗಿಸಿಟ್ಟಿರುವ ಸುಮಾರು 400 ಅಣುಕ್ಷಿಪಣಿಗಳಲ್ಲಿ ಒಂದು ದೊಡ್ಡ ಪಾಲು ಇದೇ ಮೊಂಟಾನಾ ವಯೋಮಿಂಗ್‌ಗಳ ಬಯಲಿನಲ್ಲಿವೆ! ಶತ್ರುವಿನ ಮೊದಲ ಗುರಿ ಯಾವುದೆಂದು ಬೇರೆ ಹೇಳಬೇಕೆ?

ಕನ್ಸಾಸ್ ಪ್ರಾಂತದಲ್ಲಿ ಇನ್ನೊಂದು ವಿಚಿತ್ರವಿದೆ. 1960ರ ದಶಕದಲ್ಲಿ ಅಟ್ಲಾಸ್ ಕ್ಷಿಪಣಿಯನ್ನು ನಿಲ್ಲಿಸಲು ತೋಡಿದ್ದ ಪಾತಾಳಬಾವಿಯೊಂದನ್ನು ಲ್ಯಾರಿ ಹಾಲ್ ಎಂಬ ಉದ್ಯಮಿಯು 2008ರಲ್ಲಿ ಕೊಂಡು ಹದಿನೈದು ಅಂತಸ್ತಿನ ನೆಲಮಾಳಿಗೆಯನ್ನಾಗಿ ಮಾಡಿದನು. ಆಗ ಒಂದು ಅಂತಸ್ತಿಗೆ 30 ಲಕ್ಷ ಡಾಲರ್ ಬೆಲೆಯಿದ್ದಿತು. ಈಜುಕೊಳವುಂಟು, ಚಿತ್ರಮಂದಿರವುಂಟು; ಕಿಟಕಿಯೆಂಬುದು ಮಾತ್ರ ಹೊರಗಿನ ಹುಲ್ಲುಗಾವಲಿನ ಚಿತ್ರವನ್ನು ತೋರಿಸುವ ಪರದೆ. ಇಂತಹ ಬಿಲಗಳಲ್ಲಿ ಬಾಗಿಲು ಕಾಯಲು ಬಂದೂಕಿನವರು ಬೇಕಲ್ಲವೆ? ಡಗ್ಲಸ್ ರಷ್ಕಾಫ್ ಎಂಬ ಲೇಖಕನು 2018ರಲ್ಲಿ ಬರೆದ ಸಂಗತಿಯನ್ನು ಇಲ್ಲಿ ನೆನೆಯಬೇಕು. ಐವರು ಕುಬೇರರು ಅವನನ್ನು ಹಣಕೊಟ್ಟು ಕರೆಸಿಕೊಂಡು ಕೇಳಿದ ಪ್ರಶ್ನೆಗಳಲ್ಲಿ ಮುಖ್ಯವಾದುದು ಇದು: ಹಣಕ್ಕೆ ಬೆಲೆಯೇ ಇಲ್ಲವಾದ ದಿನ ಕಾವಲುಗಾರರು ನಮ್ಮ ಮಾತನ್ನು ಕೇಳುವಂತೆ ಮಾಡುವುದು ಹೇಗೆ? ಉಗ್ರಾಣಕ್ಕೆ ತಮಗೊಬ್ಬರಿಗೇ ಗೊತ್ತಿರುವ ಬೀಗ ಹಾಕಬಹುದೇ, ಕಾವಲುಗಾರರ ಕೊರಳಿಗೆ ಶಿಕ್ಷೆಯ ಪಟ್ಟಿ ತೊಡಿಸಬಹುದೇ ಎಂದು ಅವರು ಆಲೋಚಿಸುತ್ತಿದ್ದರಂತೆ. ಕಾವಲುಗಾರನ ಹೆಂಡತಿ ಮಕ್ಕಳಿಗೆ ಒಳಗೆ ಜಾಗವುಂಟೇ ಎಂದು ಅವರಲ್ಲಿ ಯಾರಾದರೂ ಕೇಳಿದ್ದರೆ ಈ ಲೇಖನವನ್ನು ಬರೆಯುವ ಅಗತ್ಯವೇ ನನಗೆ ಬೀಳುತ್ತಿರಲಿಲ್ಲ.

ಇನ್ನು ನ್ಯೂಜಿಲೆಂಡಿನ ಕಥೆ. ಭೂಮಿಯ ಕೊನೆಯ ಅಂಚಿನಲ್ಲಿದೆ, ಜನ ಕಡಿಮೆ, ಹಸಿರು ಹೆಚ್ಚು, ಆದ್ದರಿಂದ ಅದೇ ಸುರಕ್ಷಿತವೆಂದು ಧನಿಕರು ಅತ್ತ ಓಡಿದರು. ಪೀಟರ್ ಥೀಲ್ ಎಂಬ ಅಮೆರಿಕದ ಕುಬೇರನು ಆ ದೇಶದಲ್ಲಿ ಕೇವಲ ಹನ್ನೆರಡು ದಿನ ಇದ್ದು 2011ರಲ್ಲಿ ಅಲ್ಲಿಯ ಪೌರತ್ವವನ್ನೇ ಪಡೆದನು. 2015ರಲ್ಲಿ ವನಾಕಾ ಸರೋವರದ ಬಳಿ 193 ಹೆಕ್ಟೇರು ನೆಲವನ್ನು ಕೊಂಡನು. ಅಲ್ಲಿ ಕಟ್ಟಲೆಳಸಿದ ಭವನಕ್ಕೆ ಸ್ಥಳೀಯ ಆಡಳಿತವು 2022ರಲ್ಲಿ ಅನುಮತಿ ನಿರಾಕರಿಸಿತು. ಪೌರತ್ವವಿಲ್ಲದ ಉಳಿದವರ ಗತಿಯೇನಾಯಿತು? ನಿಜವಾದ ಸಂಕಟವು ಬಂದುದು 2020ರಲ್ಲಿ. ಆ ವರ್ಷದ ಮಾರ್ಚ್ 19ರಂದು ನ್ಯೂಜಿಲೆಂಡ್ ತನ್ನವರಲ್ಲದವರಿಗೆಲ್ಲ ಬಾಗಿಲು ಮುಚ್ಚಿತು. ಆಪತ್ತಿಗೆಂದು ಕೊಂಡಿಟ್ಟ ಮನೆಯು ಆಪತ್ತಿನ ದಿನ ಒದಗಲಿಲ್ಲ.

ಬೆಟ್ಟದ ಮೇಲಿನ ಚಿಕ್ಕ ಊರು ಸುರಕ್ಷಿತವೆಂಬ ನಂಬಿಕೆಯೂ ಅಷ್ಟೆ. ಕ್ಯಾಲಿಫೋರ್ನಿಯಾದಲ್ಲಿ ‘ಸ್ವರ್ಗ’ ಎಂಬ ಅರ್ಥದ ಪ್ಯಾರಡೈಸ್ ಎಂಬ ಊರು ಪೈನ್ ಮರಗಳ ನಡುವಿನ ಬೆಟ್ಟದ ಏಣಿನ ಮೇಲಿದ್ದಿತು. ನಿವೃತ್ತರು ಶಾಂತಿಯನ್ನರಸಿ ಅಲ್ಲಿ ನೆಲೆಸಿದ್ದರು. 2018ರ ನವೆಂಬರ್ 8ರಂದು ಹೊತ್ತಿದ ಕಾಳ್ಗಿಚ್ಚು ಆ ಊರನ್ನು ಬಹುಮಟ್ಟಿಗೆ ಬೂದಿ ಮಾಡಿತು. 85 ಮಂದಿ ಸತ್ತರು. ಅದೇ ವರ್ಷದ ಆಗಸ್ಟಿನಲ್ಲಿ ನಮ್ಮ ಕೊಡಗಿನ ಗುಡ್ಡಗಳು ಹೇಗೆ ಜಾರಿದವೆಂಬುದನ್ನು ನೀವೇ ಕಂಡಿದ್ದೀರಿ.

ಹಾಗಾದರೆ ಸ್ಥಳಕ್ಕೆ ಬೆಲೆಯೇ ಇಲ್ಲವೇ ಎಂದು ಕೇಳುವಿರಿ. ಉಂಟು. ಹೊಳೆಯ ಪಾತ್ರದಲ್ಲಿ ಮನೆ ಕಟ್ಟುವವನು ಮೂರ್ಖನೇ ಸರಿ. ಆದರೆ ಸ್ಥಳವೆಂದರೇನು ಎಂಬುದನ್ನು ಶಿಕಾಗೊ ನಗರದ ಒಂದು ವಾರ ನಮಗೆ ಕಲಿಸಿದೆ. 1995ರ ಜುಲೈಯಲ್ಲಿ ಅಲ್ಲಿ ಧಗೆಯು 41 ಡಿಗ್ರಿಗೆ ಏರಿತು. ಸಾಮಾನ್ಯವಾಗಿ ಆಗುವ ಸಾವುಗಳಿಗಿಂತ 739 ಸಾವುಗಳು ಹೆಚ್ಚಾದವು. ಸತ್ತವರಲ್ಲಿ ಬಹುಮಂದಿ ಕಳ್ಳರ ಭಯದಿಂದ ಬಾಗಿಲು ಕಿಟಕಿಗಳನ್ನು ಮುಚ್ಚಿಕೊಂಡು ಒಂಟಿಯಾಗಿದ್ದ ವೃದ್ಧರು. ಎರಿಕ್ ಕ್ಲೈನನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞನು ಉತ್ತರ ಲಾಂಡೇಲ್, ದಕ್ಷಿಣ ಲಾಂಡೇಲ್ ಎಂಬ ಒಂದಕ್ಕೊಂದು ತಾಗಿಕೊಂಡಿರುವ ಎರಡು ಕೇರಿಗಳನ್ನು ಹೋಲಿಸಿ ನೋಡಿದನು. ಬಿಸಿಲು ಒಂದೇ, ಬಡತನವೂ, ಒಂಟಿ ಮುದುಕರ ಪ್ರಮಾಣವೂ ಹೆಚ್ಚುಕಡಿಮೆ ಒಂದೇ. ಆದರೂ ಉತ್ತರದಲ್ಲಿ ಲಕ್ಷಕ್ಕೆ 40 ಮಂದಿ ಸತ್ತರೆ ದಕ್ಷಿಣದಲ್ಲಿ ಲಕ್ಷಕ್ಕೆ 4 ಮಂದಿ. ಉತ್ತರದ ಕೇರಿಯಲ್ಲಿ ಕಾರ್ಖಾನೆಗಳು ಮುಚ್ಚಿ, ಅಂಗಡಿಗಳು ಹಾಳುಬಿದ್ದು, ಬೀದಿಗಳು ಬಿಕೋ ಎನ್ನುತ್ತಿದ್ದವು. ದಕ್ಷಿಣದಲ್ಲಿ ಅಂಗಡಿಬೀದಿ ತುಂಬಿತ್ತು. ಮುದುಕರು ಹೊರಗೆ ಬರುತ್ತಿದ್ದರು. ಬರದಿದ್ದವರನ್ನು ವಿಚಾರಿಸುವವರು ಇದ್ದರು. ಅಡಗುದಾಣದ ಶಾಸ್ತ್ರಜ್ಞರ ನಕ್ಷೆಯಲ್ಲಿ ನಿರ್ಜನವಾದ ಕೇರಿಗೇ ಹೆಚ್ಚು ಅಂಕ!

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರವು 2011ರ ಫೆಬ್ರವರಿ 22ರಂದು ಕಂಪಿಸಿ 185 ಮಂದಿ ಸತ್ತಾಗ, ನೆಲದಿಂದ ಉಕ್ಕಿದ ಕೆಸರನ್ನು ಬೀದಿ ಬೀದಿಯಲ್ಲಿ ಸಲಿಕೆಯಿಂದ ಎತ್ತಿದವರು ಅಲ್ಲಿಯ ವಿಶ್ವವಿದ್ಯಾಲಯದ ಸಾವಿರಾರು ವಿದ್ಯಾರ್ಥಿಗಳು. ಪೌರತ್ವ ಕೊಂಡವರಲ್ಲ. ಸ್ವಿಟ್ಜರ್ಲೆಂಡನ್ನು ನೋಡಿರಿ, ಅಲ್ಲಿಯೂ ನೆಲಮಾಳಿಗೆಗಳಿವೆ, ಮೂರೂವರೆ ಲಕ್ಷಕ್ಕೂ ಹೆಚ್ಚು. ಆದರೆ 1963ರ ಕಾನೂನಿನಿಂದ ಮೊದಲಾಗಿ ಪ್ರತಿಯೊಬ್ಬ ನಿವಾಸಿಗೂ ಒಂದು ಸ್ಥಾನವಿರಲೆಂದು ಕಟ್ಟಿದವು ಅವು. ನೆಲದೊಳಗೆ ಹೋಗುವುದರಲ್ಲಿ ದೋಷವಿಲ್ಲ. ಯಾರನ್ನು ಹೊರಗೆ ಬಿಟ್ಟು ಹೋಗುವಿರೆಂಬುದರಲ್ಲಿ ನನ್ನ ತಕರಾರು.

ನಮ್ಮ ಬಯಲುಸೀಮೆಯ ಹಿರಿಯರೂ ನೆಲವನ್ನು ತೋಡುತ್ತಿದ್ದರು. ಹಗೇವನ್ನು ನೀವು ಕಂಡಿರಬಹುದು: ಆಳವಾದ ಗುಂಡಿ, ಸುತ್ತ ಕಣಿಕೆಯ ಹೊದಿಕೆ, ಒಳಗೆ ಜೋಳ, ಬಾಯಿಗೆ ಬಂಡೆ, ಅದರ ಮೇಲೆ ಮಣ್ಣು. ಅಲ್ಲಿ ಇಳಿಯುತ್ತಿದ್ದುದು ಕಾಳು, ಮನುಷ್ಯನಲ್ಲ. ಬರಗಾಲದಲ್ಲಿ ಅದನ್ನು ಊರಿಗೆ ತೆರೆದವರೂ ಇದ್ದರು, ಬೆಲೆ ಏರಲೆಂದು ಕಾದವರೂ ಇದ್ದರು, ಸುಳ್ಳು ಹೇಳಬೇಕಾಗಿಲ್ಲ. ಆದರೆ ಕಾದವನೂ ಒಬ್ಬನೇ ಅದನ್ನು ತೆಗೆಯಲಾರನು. ಮುಚ್ಚಿದ ಹಗೇವಿನೊಳಗೆ ಕೆಟ್ಟ ಗಾಳಿಯಿರುತ್ತದೆ. ತೆರೆದೊಡನೆ ಇಳಿದವನು ಉಸಿರುಗಟ್ಟಿ ಸಾಯುವನು. ಮೇಲೆ ಹಗ್ಗ ಹಿಡಿದು ನಿಲ್ಲುವವರು ಬೇಕು.

ಮಠದ ಪ್ರಸಾದನಿಲಯದ ಪಂಕ್ತಿಯಲ್ಲಿ ಕುಳಿತು ಉಂಡು ಓದಿದ ನಮ್ಮ ಹಳೆಯ ವಿದ್ಯಾರ್ಥಿಗಳೇ, ಪರದೇಶದಲ್ಲಿರುವ ನಿಮ್ಮ ಮಗನು ಐಡಾಹೊ ಬೆಟ್ಟದಲ್ಲಿ ಜಮೀನು ಕೊಳ್ಳಲು ನಿಮ್ಮ ಅಭಿಪ್ರಾಯ ಕೇಳಿದರೆ, ನೀರು ನೆಲಗಳ ವಿಚಾರವನ್ನು ಆಮೇಲೆ ಎತ್ತಿರಿ. ಈಗ ಅವನಿರುವ ಬೀದಿಯಲ್ಲಿ ಎಡಬಲದ ನಾಲ್ಕು ಮನೆಗಳವರ ಹೆಸರುಗಳನ್ನೂ, ಅವುಗಳಲ್ಲಿ ಒಂಟಿಯಾಗಿರುವ ಮುದುಕರು ಯಾರೆಂಬುದನ್ನೂ ಬರೆದು ಕಳುಹಿಸಲು ಹೇಳಿರಿ. ಆ ಪಟ್ಟಿ ಬಂದು ತಲುಪಲಿ. ಜಮೀನಿನ ನಕ್ಷೆಯನ್ನು ಆಮೇಲೆ ಬಿಚ್ಚಿ ನೋಡಿದರಾಯಿತು.