ಹುಟ್ಟಿದ ನೆಲಕ್ಕೆ ಎಷ್ಟು ಅಂಕ?

ಪಾತ್ರಧಾರಣೆಯ ಆಟಗಳ ಪರಿಚಯವು ನಮ್ಮ ವಾಚಕರಲ್ಲಿ ಹಲವರಿಗೆ ಉಂಟು. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಕಲ್ಪಿತ ಪಾತ್ರವನ್ನು ವಹಿಸಿಕೊಂಡು, ದಾಳವನ್ನು ಉರುಳಿಸುತ್ತ ಸಾಹಸಕಥೆಯೊಂದನ್ನು ಕೂಡಿ ಕಟ್ಟುವುದೇ ಈ ಆಟದ ಸ್ವರೂಪ. ಪಾತ್ರಗಳಲ್ಲಿ ಮನುಷ್ಯರಲ್ಲದೆ ‘ಎಲ್ಫ್’ ಎಂಬ ಜನರೂ ಇರುತ್ತಾರೆ. ಯೂರೋಪಿನ ಜನಪದ ಕಥೆಗಳಿಂದ ಹೊರಟು, 1954-55ರಲ್ಲಿ ಪ್ರಕಟವಾದ ಟೋಲ್ಕಿನ್ನರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯಿಂದ ಲೋಕಪ್ರಸಿದ್ಧರಾದ ಇವರನ್ನು ನಮ್ಮ ಯಕ್ಷಗಂಧರ್ವರ ದೂರದ ಬಂಧುಗಳೆಂದು ಭಾವಿಸಿದರೆ ಸಾಕು. ಆಟದ ನಿಯಮಗಳನ್ನು ತಾವೇ ರಚಿಸಿಕೊಳ್ಳಬಯಸುವ ವಿದ್ಯಾರ್ಥಿಗಳಿಗೆ ಎದುರಾಗುವ ಪ್ರಶ್ನೆಯೊಂದುಂಟು: ಬೆಟ್ಟದಲ್ಲಿ ಹುಟ್ಟಿದ ಎಲ್ಫನಿಗೆ ದೇಹದಾರ್ಢ್ಯದಲ್ಲಿ ಎಷ್ಟು ಹೆಚ್ಚುವರಿ ಅಂಕ ಕೊಡಬೇಕು? ಕಾಡಿನವನಿಗೆ ಚುರುಕಿನಲ್ಲಿ ಎಷ್ಟು? ಮರುಭೂಮಿಯವನಿಗೆ ಸಹನೆಯಲ್ಲಿ ಎಷ್ಟು?

ಇದು ಬರಿಯ ಆಟ, ವಿಜ್ಞಾನದ ಪತ್ರಿಕೆಗೆ ಸಲ್ಲದ ವಿಷಯ ಎಂದು ಹಿರಿಯರು ಕೆಲವರು ಹೇಳಬಹುದು. ನಾವು ಹಾಗೆ ಎಣಿಸುವುದಿಲ್ಲ. ಹುಟ್ಟಿದ ನೆಲವನ್ನು ಅಂಕಿಯಾಗಿ ಮಾರ್ಪಡಿಸುವ ಪ್ರತಿಯೊಂದು ನಿಯಮವೂ ನೆಲಕ್ಕೂ ಜೀವಿಗೂ ಇರುವ ಸಂಬಂಧವನ್ನು ಕುರಿತ ಒಂದು ಊಹೆಯೇ ಸರಿ. ಊಹೆಯೆಂದ ಮೇಲೆ ಅದನ್ನು ಪರೀಕ್ಷಿಸಬಹುದು, ಪರೀಕ್ಷಿಸಲೂ ಬೇಕು.

ಮೊದಲು ಚರಿತ್ರೆಯನ್ನು ನೋಡೋಣ. ಈ ಬಗೆಯ ಆಟಗಳಿಗೆ ದಾರಿ ತೋರಿದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಹೊರಬಂದಿತು. ಅದರ 1978ರ ನಿಯಮಗ್ರಂಥವು ಎಲ್ಫರಿಗೆ ಚುರುಕಿನಲ್ಲಿ ಒಂದು ಅಂಕವನ್ನು ಕೂಡಿಸಿ, ದೇಹದಾರ್ಢ್ಯದಲ್ಲಿ ಒಂದನ್ನು ಕಳೆಯಿತು. 2014ರ ಆವೃತ್ತಿಯು ಎಲ್ಲ ಎಲ್ಫರಿಗೂ ಚುರುಕಿನಲ್ಲಿ 2 ಅಂಕಗಳನ್ನಿತ್ತು, ಕಾಡಿನವರಿಗೆ ವಿವೇಕದಲ್ಲಿಯೂ ನೆಲದಡಿಯ ‘ಡ್ರೌ’ ಜನರಿಗೆ ವರ್ಚಸ್ಸಿನಲ್ಲಿಯೂ ಮತ್ತೊಂದೊಂದನ್ನು ಸೇರಿಸಿತು. 2020ರಲ್ಲಿ ಆಟಗಾರನು ಈ ಅಂಕಗಳನ್ನು ತನಗೆ ಬೇಕಾದ ಗುಣಕ್ಕೆ ವರ್ಗಾಯಿಸಬಹುದೆಂಬ ವಿಕಲ್ಪವು ಬಂದಿತು. 2024ರ ಆವೃತ್ತಿಯಲ್ಲಿ ಅವು ಕುಲದಿಂದ ಬಿಡುಗಡೆ ಹೊಂದಿ, ಪಾತ್ರದ ಹಿಂದಿನ ಜೀವನಕ್ಕೆ, ಅಂದರೆ ಅದು ರೈತನದೋ ಕಾವಲುಗಾರನದೋ ಲಿಪಿಕಾರನದೋ ಎಂಬುದಕ್ಕೆ, ಸೇರಿಕೊಂಡವು. ಐವತ್ತು ವರ್ಷಗಳಲ್ಲಿ ಅಂಕವು ರಕ್ತದಿಂದ ಬದುಕಿನ ಕಡೆಗೆ ಸರಿದಿದೆಯೆನ್ನಬಹುದು.

ಇನ್ನು ಅಂಕವೊಂದರ ಬೆಲೆಯೆಷ್ಟು? ಇಪ್ಪತ್ತು ಮುಖಗಳ ದಾಳದಲ್ಲಿ ಪ್ರತಿಯೊಂದು ಮುಖವೂ ಮೇಲಾಗುವ ಸಂಭಾವ್ಯತೆ ನೂರಕ್ಕೆ 5. ದಾಳದಲ್ಲಿ 15 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗೆಲುವು ಎಂದಿಟ್ಟುಕೊಳ್ಳೋಣ. ಅಂತಹ ಮುಖಗಳು ಆರು. ಗೆಲುವಿನ ಸಂಭಾವ್ಯತೆ ನೂರಕ್ಕೆ 30. ಎಸೆತಕ್ಕೆ 2 ಅಂಕಗಳನ್ನು ಕೂಡಿಸಿದರೆ 13 ಬಿದ್ದರೂ ಸಾಕಾಗಿ, ಅದು 40ಕ್ಕೆ ಏರುತ್ತದೆ. ಮೂರು ಸಲ ಗೆಲ್ಲುತ್ತಿದ್ದವನು ಈಗ ನಾಲ್ಕು ಸಲ ಗೆಲ್ಲುತ್ತಾನೆ. ಆದುದರಿಂದ ಈ ಅಂಕಗಳನ್ನು ಅಲ್ಪವೆಂದು ತಳ್ಳಿಹಾಕುವಂತಿಲ್ಲ.

ಮತ್ತೊಂದು ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿನೋಡಬಹುದು. ಆರು ಮುಖಗಳ ಮೂರು ದಾಳಗಳನ್ನು ಎಸೆದು, ಬಂದ ಮೊತ್ತವನ್ನು ಪಾತ್ರದ ಚುರುಕೆಂದು ಬರೆದುಕೊಳ್ಳುವುದು ಹಳೆಯ ಪದ್ಧತಿ. ಅದರ ಸರಾಸರಿ 10.5. ಎಲ್ಫನ ಮೊತ್ತಕ್ಕೆ 2 ಕೂಡಿಸಿ, ಯಾವನಾದರೊಬ್ಬ ಎಲ್ಫನನ್ನು ಯಾವನಾದರೊಬ್ಬ ಮನುಷ್ಯನ ಎದುರಿಗೆ ನಿಲ್ಲಿಸೋಣ. ದಾಳಗಳು ಬೀಳಬಹುದಾದ 46,656 ಬಗೆಗಳಲ್ಲಿ 13,035ರಲ್ಲಿ ಮನುಷ್ಯನೇ ಹೆಚ್ಚು ಚುರುಕಾಗಿರುತ್ತಾನೆ! ಅಂದರೆ ನೂರಕ್ಕೆ ಸುಮಾರು 28 ಸಲ. ಗುಂಪಿನ ಸರಾಸರಿಯನ್ನು ತಿಳಿದವನು ಅದರೊಳಗಿನ ವ್ಯಕ್ತಿಯನ್ನು ತಿಳಿದಂತಾಗಲಿಲ್ಲವೆಂಬುದು ಇದರಿಂದ ಸ್ಪಷ್ಟ.

ನೆಲವು ನಿಜವಾಗಿ ಜೀವಿಗೆ ಏನನ್ನು ಕೊಡುತ್ತದೆ? ನಮ್ಮ ತಿಳಿವಳಿಕೆಯಂತೆ ಆ ಕೊಡುಗೆ ಮೂರು ಬಗೆ.

ಮೊದಲನೆಯದು ವಂಶದಲ್ಲಿ ಹರಿದುಬರುವುದು. ಟಿಬೆಟ್ಟಿನ ಪ್ರಸ್ಥಭೂಮಿಯ ಸರಾಸರಿ ಎತ್ತರ 4,000 ಮೀಟರಿಗೂ ಹೆಚ್ಚು. ಬಯಲಿನವರು ಅಲ್ಲಿ ನೆಲೆಸಿದರೆ ಹೀಮೊಗ್ಲೋಬಿನ್ ಏರಿ ರಕ್ತವು ಮಂದವಾಗುತ್ತದೆ. ಟಿಬೆಟನ್ನರಲ್ಲಿ ಸಾಮಾನ್ಯವಾಗಿ ಅಷ್ಟು ಏರುವುದಿಲ್ಲ. ಇದಕ್ಕೆ ‘ಇಪಿಎಎಸ್ 1’ ಎಂಬ ಜೀನಿನ ಒಂದು ವಿಶೇಷ ರೂಪವು ಕಾರಣವೆಂದು 2010ರಲ್ಲಿ ತಿಳಿದುಬಂದಿತು. ಇದು ಸಾವಿರಾರು ವರ್ಷಗಳ ನಿಸರ್ಗದ ಆಯ್ಕೆಯ ಫಲ. ನಮ್ಮ ಮೈಸೂರು ಜಿಲ್ಲೆಯ ಬೈಲುಕುಪ್ಪೆಯಲ್ಲಿ 1961ರಿಂದ ಟಿಬೆಟನ್ನರ ನೆಲೆಯಿದೆ. ಅಲ್ಲಿ ಹುಟ್ಟಿದ ಮಗುವಿಗೆ ಈ ಜೀನು ತಂದೆತಾಯಿಗಳಿಂದ ಬಂದಿರಬಹುದು. ಆದರೆ ಹಿಮದ ಮೇಲೆ ಯಾಕ್ ಮೇಯಿಸುವ ವಿದ್ಯೆಯು ಜೀನಿನೊಡನೆ ಬರುವುದಿಲ್ಲ.

ಎರಡನೆಯದು ಬೆಳೆಯುವ ವಯಸ್ಸಿನಲ್ಲಿ ದೇಹವು ಪಡೆದುಕೊಳ್ಳುವುದು. ಥಾಯ್‌ಲೆಂಡ್ ಮತ್ತು ಮ್ಯಾನ್ಮಾರುಗಳ ಕಡಲತೀರದ ಮೋಕೆನ್ ಜನರ ಮಕ್ಕಳು ನೀರಿನೊಳಗೆ ಯೂರೋಪಿನ ಮಕ್ಕಳಿಗಿಂತ ಎರಡು ಪಾಲಿಗೂ ಮಿಗಿಲಾಗಿ ಸ್ಪಷ್ಟವಾಗಿ ಕಾಣಬಲ್ಲರೆಂದು 2003ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ಅವರು ಕಣ್ಣಿನ ಪಾಪೆಯನ್ನು ಬಹಳ ಕಿರಿದಾಗಿಸುತ್ತಾರೆ. ಇದು ಹುಟ್ಟುಗುಣವೇ ಎಂದು ಕೇಳಿದರೆ, ಅಲ್ಲ. ಅಭ್ಯಾಸ ಮಾಡಿಸಿದಾಗ ಯೂರೋಪಿನ ಮಕ್ಕಳೂ ಆ ಶಕ್ತಿಯನ್ನು ಪಡೆದರು.

ಮೂರನೆಯದು ವಿದ್ಯೆ. ಇದಕ್ಕೆ ದೃಷ್ಟಾಂತವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಬೀದರದ ಬಿದರಿ ಕುಶಲಿಗಳು ಸತುವೇ ಹೆಚ್ಚಾಗಿರುವ ಸತು-ತಾಮ್ರಗಳ ಮಿಶ್ರಲೋಹದಲ್ಲಿ ಬೆಳ್ಳಿಯನ್ನು ಕೂರಿಸಿ, ಬೀದರ ಕೋಟೆಯ ಹಳೆಯ ಮಣ್ಣಿಗೆ ನವಸಾಗರವನ್ನು ಬೆರೆಸಿ ಕಾಯಿಸಿದ ದ್ರಾವಣದಿಂದ ಅದನ್ನು ಉಪಚರಿಸುತ್ತಾರೆ. ಲೋಹವು ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿ ಹೊಳೆಯುತ್ತ ಉಳಿಯುತ್ತದೆ. ಹಾಗೆಯೇ, ರಂಧ್ರಮಯವಾದ ಜಂಬಿಟ್ಟಿಗೆ ಕಲ್ಲಿನಲ್ಲಿ ಇಂಗಿದ ಮಳೆನೀರು ಕೆಳಗಿನ ಬಸಾಲ್ಟ್ ಶಿಲೆಯ ಮೇಲೆ ನಿಲ್ಲುವುದನ್ನರಿತು, ಬಹಮನಿ ಅರಸರ ಕಾಲದಲ್ಲಿ ಅಲ್ಲಿ ಸುರಂಗ ಬಾವಿಗಳನ್ನು ತೋಡಿದರು. ಮಣ್ಣೂ ಕಲ್ಲೂ ಬೀದರದವೇ ನಿಜ. ಆದರೆ ಸುರಂಗ ತೋಡುವ ವಿದ್ಯೆ ಪರ್ಷಿಯದಿಂದ ಬಂದುದು. ಬೀದರದಲ್ಲಿ ಹುಟ್ಟಿದ ಮಾತ್ರಕ್ಕೆ ಯಾರ ಕೈಗೂ ಬಿದರಿಯ ಉಳಿ ಒಲಿಯುವುದಿಲ್ಲ.

ಇದಲ್ಲದೆ, ನಿಸರ್ಗದ ಲೆಕ್ಕಪುಸ್ತಕದಲ್ಲಿ ಜಮೆಯಿದ್ದಲ್ಲಿ ಖರ್ಚೂ ಇರುವುದುಂಟು. ಕುಡುಗೋಲುಕಣದ ಜೀನು ತಂದೆತಾಯಿಗಳಲ್ಲಿ ಒಬ್ಬರಿಂದ ಬಂದರೆ ಮಲೇರಿಯದಿಂದ ರಕ್ಷಣೆ. ಇಬ್ಬರಿಂದಲೂ ಬಂದರೆ ಕಠಿಣವಾದ ರಕ್ತರೋಗ. ಮಲೇರಿಯವಿಲ್ಲದ ನಾಡಿಗೆ ಹೋದವರಿಗೆ ಲಾಭವು ನಿಂತು ನಷ್ಟವು ಉಳಿಯುತ್ತದೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಆಟದ ನಿಯಮಕಾರರಿಗೆ ಕೊಡುವ ಸಲಹೆ ಇದು. ಎಲ್ಫನ ಪಾತ್ರಪತ್ರದಲ್ಲಿ ಒಂದರ ಬದಲು ಮೂರು ಅಂಕಣಗಳಿರಲಿ. ವಂಶದ ಅಂಕಣವು ಚಿಕ್ಕದಾಗಿಯೂ ಖಚಿತವಾಗಿಯೂ ಇರಲಿ: ‘ದೇಹದಾರ್ಢ್ಯಕ್ಕೆ 2’ ಎಂದು ಬರೆಯದೆ, ‘ತೆಳುಗಾಳಿಯಲ್ಲಿ ಬೇಗ ದಣಿಯನು’ ಎಂದು ಬರೆಯಿರಿ, ಅದಕ್ಕೆ ತಕ್ಕ ಖರ್ಚನ್ನೂ ಕಾಣಿಸಿರಿ. ಬೆಳೆದ ನೆಲದ ಅಂಕಣವು ಆ ನೆಲದಲ್ಲಿ ಬೆಳೆದ ಯಾರಿಗೇ ಆಗಲಿ ಸಲ್ಲಲಿ. ಎಲ್ಫರ ನಡುವೆ ಬೆಳೆದ ಮನುಷ್ಯಶಿಶುವಿಗೂ ದೊರೆಯಲಿ. ವಿದ್ಯೆಯ ಅಂಕಣವು ಕಲಿತವನದು. ಬುದ್ಧಿ, ವಿವೇಕ, ಧೈರ್ಯಗಳಿಗೆ ಮಾತ್ರ ಯಾವ ನೆಲವೂ ಹುಟ್ಟಿನಿಂದಲೇ ಅಂಕ ಕೊಡದಿರಲಿ.

ಹೀಗಾದರೆ ಎಲ್ಫನಿಗೂ ಮನುಷ್ಯನಿಗೂ ಭೇದವೇ ಉಳಿಯದು, ಆಟದ ಸ್ವಾರಸ್ಯವು ಕೆಡುವುದು ಎಂಬ ಆಕ್ಷೇಪಣೆ ಬರಬಹುದು. ನಮಗೆ ತೋರುವುದು ಇದಕ್ಕೆ ವಿರುದ್ಧ. ಬೆಟ್ಟದ ಎಲ್ಫರೆಲ್ಲರೂ ಒಂದೇ ಅಚ್ಚಿನವರಾಗಿದ್ದಾಗ ಕಥೆಯೂ ಒಂದೇ. ಬೆಟ್ಟದ ರಕ್ತವಿದ್ದು ಕಡಲತೀರದಲ್ಲಿ ಬೆಳೆದು ಕಮ್ಮಾರಿಕೆ ಕಲಿತ ಎಲ್ಫನಿಂದ ಎಷ್ಟೋ ಹೊಸ ಕಥೆಗಳು ಹುಟ್ಟುತ್ತವೆ.

ಈ ವಿಚಾರವು ನಮಗೆ ಆಟಕ್ಕಿಂತ ಹೆಚ್ಚಿನದಾಗಿ ತೋರಲು ಕಾರಣವುಂಟು. ಕರ್ನಾಟಕದ ಉತ್ತರದ ತುದಿಯಾದ ನಮ್ಮ ಔರಾದ ಸೀಮೆಯಲ್ಲಿ ಡಾಬಕಾ ಎಂಬ ಊರಿದೆ. ಅಲ್ಲಿಯ ಬಾಲಕಿಯೊಬ್ಬಳ ಪಾತ್ರಪತ್ರವನ್ನು ಬರೆಯುವುದಾದರೆ ಏನನ್ನು ತುಂಬಬೇಕು? ‘ಹಿಂದುಳಿದ ಪ್ರದೇಶ’ ಎಂದು ಒಂದು ಋಣಚಿಹ್ನೆಯನ್ನು ಹಾಕಿ ಮುಗಿಸುವವರು ಬಹಳ ಮಂದಿ. ಕನ್ನಡ, ಮರಾಠಿ, ದಖನಿ ಉರ್ದುಗಳನ್ನು ಕೇಳುತ್ತ ಬೆಳೆದವಳ ಕಿವಿಗೆ ಅಂಕ ಕೊಡುವವರು ಕಡಿಮೆ.

ಸಂವಿಧಾನದ 371ಜೆ ವಿಧಿಯು 2012ರ 98ನೆಯ ತಿದ್ದುಪಡಿಯಿಂದ ಬಂದುದು. ಅಂದು ಹೈದರಾಬಾದ್-ಕರ್ನಾಟಕವೆನಿಸಿ, 2019ರಿಂದ ಕಲ್ಯಾಣ ಕರ್ನಾಟಕವೆನಿಸಿರುವ ಈ ಸೀಮೆಗೆ ಜನ್ಮದಿಂದ ಅಥವಾ ವಾಸದಿಂದ ಸೇರಿದವರಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಸ್ಥಾನಗಳನ್ನು ಕಾದಿರಿಸಲು ಅದು ಅವಕಾಶ ಕೊಟ್ಟಿದೆ. ಇದೂ ನೆಲದಿಂದ ಬಂದ ಹೆಚ್ಚುವರಿ ಅಂಕವೇ. ಆದರೆ ಅದು ರಕ್ತವನ್ನು ಕೇಳುವುದಿಲ್ಲ. ಯೋಗ್ಯತೆಯನ್ನು ಅಳೆಯುವುದೂ ಇಲ್ಲ. ಶಾಲೆ, ಪ್ರಯೋಗಶಾಲೆ, ಗ್ರಂಥಾಲಯಗಳು ದೂರವಿದ್ದ ಕಾರಣ ನಡೆಯಬೇಕಾಗಿ ಬಂದ ಹೆಚ್ಚಿನ ಹಾದಿಯನ್ನು ಮಾತ್ರ ಅದು ಲೆಕ್ಕಕ್ಕೆ ಹಿಡಿಯುತ್ತದೆ. ತಕ್ಕಡಿಯ ತಟ್ಟೆಗಳು ಮೊದಲೇ ಓರೆಯಾಗಿದ್ದರೆ ಭೌತಶಾಸ್ತ್ರದ ವಿದ್ಯಾರ್ಥಿಯು ತೂಗುವ ಮುನ್ನ ಅದನ್ನು ಸರಿಪಡಿಸುವುದಿಲ್ಲವೇ? ಅದನ್ನು ತೂಕದಲ್ಲಿ ಮೋಸವೆಂದು ಯಾರೂ ಕರೆಯರು. ಆದರೂ ಈ ಅವಕಾಶದಿಂದ ಕಾಲೇಜು ಸೇರಿದ ವಿದ್ಯಾರ್ಥಿಯನ್ನು ‘ಕೋಟಾದವನು’ ಎಂದು ಹಳಿಯುವ ಸಹಪಾಠಿಗಳಿದ್ದಾರೆ. ದಾರಿಯ ಅಂಕವನ್ನು ಅವರು ರಕ್ತದ ಅಂಕವೆಂದು ಓದುತ್ತಾರೆ. ಅಂಕಣಗಳನ್ನು ಬೆರೆಸಿದ್ದೇ ಇಲ್ಲಿಯ ತಪ್ಪು.

ವಿದ್ಯಾರ್ಥಿಗಳು ಸಂತೋಷದಿಂದ ಆಡಲಿ, ಹೊಸ ಲೋಕಗಳನ್ನು ಕಟ್ಟಲಿ. ಎಲ್ಫನ ಹೆಸರಿನ ಮುಂದೆ ಅಂಕಿಯನ್ನು ಬರೆಯುವ ಮುನ್ನ ಮಾತ್ರ ಒಂದು ಕ್ಷಣ ತಡೆದು, ಇದು ವಂಶದ್ದೋ, ಬೆಳೆದ ನೆಲದ್ದೋ, ಕಲಿತದ್ದೋ ಎಂದು ಕೇಳಿಕೊಳ್ಳಲಿ. ಆಟದಲ್ಲಿ ಈ ಪ್ರಶ್ನೆಯನ್ನು ರೂಢಿಸಿಕೊಂಡವರು ತರಗತಿಯಲ್ಲಿ ಪಕ್ಕದಲ್ಲಿ ಕುಳಿತವರನ್ನು ಕುರಿತೂ ಅದನ್ನೇ ಕೇಳುವರೆಂಬುದು ನಮ್ಮ ನಂಬಿಕೆ.