ಕೊಪ್ಪಳಕ್ಕೊಂದು ನಾಟಕ ಶಾಲೆ ಬೇಕು

ಹುಲಿಹೈದರದಂಥ ಊರಿನಲ್ಲಿ ಜಾತ್ರೆ ಹತ್ತಿರ ಬಂತೆಂದರೆ ನಾಟಕದ ತಾಲೀಮು ಶುರು. ಹೊಲದ ಕೆಲಸ ಮುಗಿಸಿ, ಉಂಡು ಬಂದ ಹುಡುಗರು ಪೆಟಗಿ ಮಾಸ್ತರರ ಎದುರು ಕೂತು ಪಾರ್ಟು ಬಾಯಿಪಾಠ ಮಾಡುತ್ತಾರೆ. ಗಂಗಾವತಿ, ಕನಕಗಿರಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಸಾಮಾಜಿಕ ನಾಟಕವನ್ನೋ ಬಯಲಾಟವನ್ನೋ ಆಡದ ಊರು ಸಿಗುವುದು ಕಷ್ಟ.

ಇಷ್ಟೆಲ್ಲ ಹುರುಪಿದ್ದರೂ ಕಲಿಸುವ ಏರ್ಪಾಡು ಸಾಲದು. ಖಳನಾಯಕನ ಪಾರ್ಟಿನ ಹುಡುಗ ಮೊದಲ ಸೀನಿನಲ್ಲೇ ಗಂಟಲು ಹರಿಯುವಂತೆ ಕೂಗುತ್ತಾನೆ. ನಡುರಾತ್ರಿಯ ಹೊತ್ತಿಗೆ ದನಿ ಬಿದ್ದಿರುತ್ತದೆ. ಮಾತು ಕೇಳಿಸಲೆಂದು ತೂಗುಬಿಟ್ಟ ಮೈಕಿನ ಕೆಳಗೇ ಬಂದು ನಿಲ್ಲುತ್ತಾನೆ, ಹಾಗಾಗಿ ಉಳಿದ ರಂಗವೆಲ್ಲ ಖಾಲಿ. ಹೊಟ್ಟೆಯಿಂದ ಉಸಿರೆಳೆದು ಮಾತು ಮುಗಿಯುವವರೆಗೆ ಹಿಡಿಯುವುದು, ಎದುರಿನವನ ಮಾತಿಗೆ ಕಿವಿಗೊಟ್ಟು ನಿಲ್ಲುವುದು, ಕೈಯನ್ನು ಸುಮ್ಮನೆ ಬಿಡುವುದು ಇವೆಲ್ಲ ದಿನಾ ಬೆಳಿಗ್ಗೆ, ತಿಂಗಳುಗಟ್ಟಲೆ ಮೈ ದಂಡಿಸಿದರಷ್ಟೇ ಬರುವಂಥವು. ಜಾತ್ರೆಯ ತಾಲೀಮಿಗೆ ಅಷ್ಟು ವ್ಯವಧಾನ ಎಲ್ಲಿಯದು?

ನಾಟಕ ಹುಟ್ಟಿನಿಂದ ಬರಬೇಕು, ಶಾಲೆಯಲ್ಲಿ ಕಲಿಯುವುದೇನಿದೆ ಎನ್ನುವವರಿದ್ದಾರೆ. ಬಿ.ವಿ. ಕಾರಂತರನ್ನು ನೆನೆಯಬೇಕು. ಹುಡುಗನಾಗಿ ಗುಬ್ಬಿ ಕಂಪನಿಯಲ್ಲಿ ಬೆಳೆದವರು, ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋಗಿ ಕಲಿತರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಶಾಲೆಯ ಓದು ಅವರಿಂದ ಕಂಪನಿಯ ಹಾಡನ್ನು ಕಸಿದುಕೊಳ್ಳಲಿಲ್ಲ. ಇನ್ನು ಕೆ.ವಿ. ಸುಬ್ಬಣ್ಣ 1980ರಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ ತೆರೆದದ್ದು ಹೆಗ್ಗೋಡೆಂಬ ಹಳ್ಳಿಯಲ್ಲಿ. ಐದು ವರ್ಷಕ್ಕೆ ಅಲ್ಲಿಂದ ಹೊರಟ ‘ತಿರುಗಾಟ’ ನಾಡೆಲ್ಲ ನಾಟಕ ತೋರಿಸಿತು. ಆದರೆ ಹೆಗ್ಗೋಡು ನಮಗೆ ದೂರ. ಒಕ್ಕಲು ಮನೆಯ ಹುಡುಗ ಹೇಗೋ ಹೋದಾನು, ಹುಡುಗಿಯನ್ನು ಅಷ್ಟು ದೂರ ಕಳಿಸುವ ಮನೆಗಳು ಕಡಿಮೆ.

ಈಗ ಜಿಲ್ಲೆಗೆ ತನ್ನದೇ ಕೊಪ್ಪಳ ವಿಶ್ವವಿದ್ಯಾಲಯವಿದೆ. ಅಲ್ಲಿ ರಂಗಶಿಕ್ಷಣಕ್ಕೆ ಜಾಗ ಸಿಗಬೇಕು. ಬರೀ ರಂಗಭೂಮಿಯ ಇತಿಹಾಸ ಓದಿಸಿ ಪದವಿ ಕೊಡುವುದಾದರೆ ನನಗೆ ಅದು ಬೇಡ. ಮೊದಲಿಗೆ ಒಂದು ವರ್ಷದ ಡಿಪ್ಲೊಮಾ ಸಾಕು: ಅಭಿನಯ, ಬೆಳಕು, ಪ್ರಸಾಧನ, ರಂಗಸಜ್ಜಿಕೆಯ ಬಡಗಿ ಕೆಲಸ, ಜೊತೆಗೆ ಹಳ್ಳಿಗಳಲ್ಲಿ ಪ್ರದರ್ಶನ.

ಮೇಷ್ಟ್ರುಗಳಿಗೆ ದೂರ ಹುಡುಕಬೇಕಿಲ್ಲ. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಪದ್ಮಶ್ರೀ ಬಂತು. ಅವರು ಬದುಕಿಡೀ ಮಾಡಿದ್ದು ತೊಗಲುಗೊಂಬೆ ಆಟ. ಪರದೆಯ ಹಿಂದೆ ದೀಪವಿಟ್ಟು, ಕೈಯಲ್ಲಿ ಗೊಂಬೆ ಕುಣಿಸುತ್ತ, ರಾಮನಿಗೊಂದು, ರಾವಣನಿಗೊಂದು, ಸೀತೆಗೊಂದು ದನಿ ತೆಗೆಯುವ ವಿದ್ಯೆಯಿದು. ದನಿ ಪಳಗಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಪುಸ್ತಕದಲ್ಲಿದೆ? ಇಂಥ ಕಲಾವಿದರಿಗೆ ಪದವಿ ಇಲ್ಲವೆಂಬ ನೆಪವೂ ಈಗ ನಡೆಯದು. ಆಯಾ ಕ್ಷೇತ್ರದ ಅನುಭವಿಗಳನ್ನು ಪದವಿ ಕೇಳದೆ ‘ಪ್ರೊಫೆಸರ್ ಆಫ್ ಪ್ರಾಕ್ಟಿಸ್’ ಆಗಿ ಕರೆದುಕೊಳ್ಳಲು ಯುಜಿಸಿ 2022ರಲ್ಲೇ ದಾರಿ ಮಾಡಿದೆ. ಅವರ ಪಕ್ಕದಲ್ಲಿ ನಾಟಕ ಶಾಲೆಯಲ್ಲಿ ಪಳಗಿದ ಇಬ್ಬರು ಇದ್ದರೆ ತರಗತಿ ನಡೆಯುತ್ತದೆ.

ಕಲಿತವರಿಗೆ ಕೆಲಸವೆಲ್ಲಿ ಎಂದು ತಂದೆತಾಯಿ ಕೇಳುತ್ತಾರೆ, ಕೇಳಲೇಬೇಕು. ಸರ್ಕಾರ ಹಿಂದೊಮ್ಮೆ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ನೇಮಿಸಿತ್ತು. ಆ ನೇಮಕಾತಿ ಮತ್ತೆ ನಡೆಯಬೇಕು, ಹೋಬಳಿಗೊಬ್ಬರಾದರೂ ಬರಬೇಕು. ಕೊಪ್ಪಳದ ಶಾಸಕರು ಮತ್ತು ಕುಲಪತಿಗಳು ಈ ಎರಡು ಬೇಡಿಕೆಗಳನ್ನೂ ಬರುವ ಬಜೆಟ್ಟಿಗೆ ಮುಂಚೆ ಸರ್ಕಾರದ ಮುಂದಿಡಲಿ.